ಬಾಯಿ ಮುಕ್ಕಳಿಸುವ ಸಾಲು

“ನಾಲಗೆ ಎತ್ತು. ಎತ್ತು ಹೇಳಿದ್ದು. ಹೊಟ್ಟೆಗೆ ನೋಂಬು, ದವಡೆಗೆ ಗೇರುಬೀಜ, ಇದು ಯಾವ ಊರಿನ ಉಪವಾಸ ರುಕಿಯಮ್ಮ?”

ಮೇಸ್ತ್ರಿ ವಿಠಲ ಇದನ್ನು ಮೆಲ್ಲಗೆ ಹೇಳಲಿಲ್ಲ. ಮೆಲ್ಲಗೆ ಹೇಳಿದರೆ ಅವನ ಕೆಲಸಕ್ಕೆ ಅರ್ಥವಿಲ್ಲ. ಅಂಗಳದಲ್ಲಿ ಸಾಲು ನಿಂತ ಹೆಂಗಸರಿಗೆ, ಲಾರಿಗೆ ಡಬ್ಬ ಏರಿಸುವ ಗಂಡಸರಿಗೆ, ಗೇಟಿನ ಕಾವಲಿನವನಿಗೆ, ಎಲ್ಲರಿಗೂ ಕೇಳಬೇಕು. ಕೇಳಿ ನಾಲ್ಕು ಜನ ನಗಬೇಕು. ನಕ್ಕರು.

ರುಕಿಯಮ್ಮ ನಾಲಗೆ ಎತ್ತಿದಳು. ಬೆಳಿಗ್ಗೆ ಕತ್ತಲಿರುವಾಗ ಒಂದು ಲೋಟ ಚಹಾ ಕುಡಿದ ಬಾಯಿ ಅದು, ಆಮೇಲೆ ಎಂಜಲು ಬಿಟ್ಟರೆ ಏನನ್ನೂ ಕಂಡದ್ದಲ್ಲ. ನಾಲಗೆಯಡಿಯಲ್ಲಿ ಬೀಜದ ಸಿಪ್ಪೆಯ ಕೆಂಪು ಧೂಳು ಅಂಟಿಕೊಂಡಿತ್ತು. ದಿನವಿಡೀ ಸಿಪ್ಪೆ ಕೆರೆಯುವವಳ ಬಾಯಿಯಲ್ಲಿ ಧೂಳು ಇರದೆ ಗಂಧ ಇರುತ್ತದೆಯೇ.

“ಇದೆಂತ ಕೆಂಪು?”

“ಹೊಟ್ಟು.”

“ಇನ್ನೊಂದು ಸಲ ಮುಕ್ಕಳಿಸು.”

ಕಾಪುವಿನಿಂದ ಎರ್ಮಾಳಿನ ಕಡೆ ಹೋಗುವ ಹೆದ್ದಾರಿಯ ಬದಿಯಲ್ಲಿದ್ದ ಆ ಬೀಜದ ಫ್ಯಾಕ್ಟರಿಯಲ್ಲಿ ಇದು ನಿತ್ಯದ ಪದ್ಧತಿ. ಸಂಜೆ ಬೀಜ ತೂಕ ಹಾಕಿ ಆದ ಮೇಲೆ ಒಬ್ಬೊಬ್ಬಳೂ ಗೇಟಿನ ಬಳಿಯ ಸ್ಟೂಲಿನ ಮುಂದೆ ಬರಬೇಕು. ಸ್ಟೂಲಿನ ಮೇಲೆ ಬಿಳಿಯ ಬೇಸನ್ನು, ಪಕ್ಕದಲ್ಲಿ ನೀರಿನ ಕೊಡ, ಕೊಡದ ಮೇಲೆ ಒಂದು ಲೋಟ. ನೀರನ್ನು ಬಾಯಿಗೆ ಎತ್ತಿ ಹೊಯ್ದುಕೊಂಡು, ಮುಕ್ಕಳಿಸಿ, ಬೇಸನ್ನಿಗೆ ಉಗುಳಬೇಕು. ಉಗುಳಿದ್ದರಲ್ಲಿ ಬೆಳ್ಳಗಿನ ಚೂರು ಕಂಡರೆ ಅವಳು ಬೀಜ ತಿಂದ ಕಳ್ಳಿ. ಆ ದಿನದ ಕೂಲಿ ಇಲ್ಲ. ಗಂಡಸರಿಗೆ ಜೇಬು ತಡವಿ ಬಿಡುತ್ತಿದ್ದರು. ಬಾಯಿ ತೆರೆಸುತ್ತಿದ್ದದ್ದು ಹೆಂಗಸರಿಗೆ ಮಾತ್ರ.

ರುಕಿಯಮ್ಮ ಎರಡನೇ ಸಲ ಮುಕ್ಕಳಿಸುತ್ತಿರುವಾಗ ಹೆದ್ದಾರಿಯಾಚೆಯ ಮಸೀದಿಯಿಂದ ಬಾಂಗ್ ಕೇಳಿತು. ನೋಂಬು ಬಿಡುವ ಹೊತ್ತು. ಬಾಯಿಯಲ್ಲಿದ್ದ ನೀರನ್ನು ಅವಳು ಬೇಸನ್ನಿಗೆ ಉಗುಳಿದಳು. ವಿಠಲ ಬಗ್ಗಿ ನೋಡಿದ. ಏನೂ ಇರಲಿಲ್ಲ. ಅವಳು ತಲೆಯ ಬಟ್ಟೆಯನ್ನು ಸರಿಮಾಡಿಕೊಂಡು ಗೇಟು ದಾಟಿ, ಸೊಂಟದಲ್ಲಿ ಕಟ್ಟಿಕೊಂಡಿದ್ದ ಖರ್ಜೂರವನ್ನು ರಸ್ತೆಯ ಬದಿಯಲ್ಲಿ ನಡೆಯುತ್ತ ತಿಂದಳು. ನೀರು ಸಿಗಲು ಇನ್ನೂ ಅರ್ಧ ದಾರಿ ಇತ್ತು.

ಇದನ್ನೆಲ್ಲ ಶುಕೂರ್ ಹುರಿಯುವ ಕೊಟ್ಟಿಗೆಯಿಂದ ನೋಡಿದ. ಅವನು ರುಕಿಯಮ್ಮನ ಮಗ. ಮೀಸೆ ಮೂಡುವ ಮೊದಲೇ ಶಾಲೆ ಬಿಟ್ಟು ಈ ಡ್ರಮ್ಮಿನ ಮುಂದೆ ನಿಂತವನು. ಬೀಜ ಹುರಿಯುವ ಡ್ರಮ್ಮು ತಿರುಗುತ್ತಿರುವಾಗ ಬಿಟ್ಟು ಹೋಗುವ ಹಾಗಿಲ್ಲ, ಬೀಜ ಕರಟುತ್ತದೆ. ಕೈಯಲ್ಲಿದ್ದ ಕಬ್ಬಿಣದ ಸಲಾಕೆಯನ್ನು ಅವನು ಎಷ್ಟು ಗಟ್ಟಿ ಹಿಡಿದಿದ್ದನೆಂದರೆ, ಗೇರೆಣ್ಣೆ ತಾಗಿ ಸುಟ್ಟ ಹಳೆಯ ಗಾಯ ಒಡೆದು ನೀರು ಬಂತು.

ಮರುದಿನ ಮಧ್ಯಾಹ್ನ ಅವನು ಮ್ಯಾನೇಜರನ ಕೋಣೆಗೆ ಹೋದ.

ಮ್ಯಾನೇಜರ್ ಲಿಯೋನೆಲ್ ಉಡುಪಿಯಿಂದ ಸ್ಕೂಟರಿನಲ್ಲಿ ಬಂದು ಹೋಗುವವನು. ಇಸ್ತ್ರಿ ಮುರಿಯದ ಅಂಗಿ, ಮೇಜಿನ ಮೇಲೆ ಶಿಲುಬೆಯ ಸಣ್ಣ ಪಟ. ಅವನ ತಲೆಯ ಹಿಂದೆ ಗೋಡೆಗೆ ಹೊಸದಾಗಿ ಬರೆಸಿದ್ದರು: ಕಡಿಮೆ ಮಾತು, ಹೆಚ್ಚು ದುಡಿಮೆ. ಅದು ಎಮರ್ಜೆನ್ಸಿಯ ವರ್ಷ. ಯೂನಿಯನ್ ಅಂತ ಬರುತ್ತಿದ್ದ ಒಬ್ಬ ಬೀಡಿ ಕಾರ್ಮಿಕ ಮಳೆಗಾಲದ ಸುರುವಿಗೇ ಕಾಣೆಯಾಗಿದ್ದ.

“ಎಂತ ನಿನ್ನದು?”

“ನೋಂಬಿನ ಹೆಂಗಸರನ್ನು ಸಂಜೆ ಮೊದಲು ಬಿಟ್ಟರೆ ಆಗ್ತಿತ್ತು ಸರ್. ಬಾಂಗಿನ ಮೊದಲು ಮನೆ ಮುಟ್ತಾರೆ. ಮತ್ತೆ ಆ ಬಾಯಿ ಮುಕ್ಕಳಿಸುದು ಒಂದು…”

“ಮುಕ್ಕಳಿಸಿದರೆ ನೋಂಬು ಹೋಗುದಿಲ್ಲ. ಅಷ್ಟು ನನಗೂ ಗೊತ್ತುಂಟು. ನಮಾಜಿನ ಮೊದಲು ನೀವು ಮುಕ್ಕಳಿಸುದಿಲ್ವಾ?”

“ನಮಾಜಿಗೆ ಮುಕ್ಕಳಿಸುದು ಬೇರೆ ಸರ್. ಕಳ್ಳಿ ಅಂತ ಮುಕ್ಕಳಿಸುದು ಬೇರೆ.”

ಲಿಯೋನೆಲ್ ಪೆನ್ನು ಕೆಳಗಿಟ್ಟ. “ಭಾಷಣ ಎಲ್ಲಿ ಕಲಿತದ್ದು? ಇವತ್ತು ನಿನ್ನ ತಾಯಿಗೆ ನೋಂಬು. ನಾಳೆ ಝೀಟಾ ಬಂದು ಗುಡ್ ಫ್ರೈಡೆ ಅಂತಾಳೆ. ನಾಡಿದ್ದು ಅಕ್ಕು ಬಂದು ಮನೆಯಲ್ಲಿ ಭೂತಕೋಲ ಉಂಟು ಅಂತಾಳೆ. ಇದು ಫ್ಯಾಕ್ಟರಿಯಾ, ಪಂಚಾಂಗವಾ?”

“ಗುಡ್ ಫ್ರೈಡೆಗೆ ನೀವು ರಜೆ ಮಾಡ್ತೀರಿ ಅಲ್ವಾ ಸರ್.”

ಮಾತು ಬಾಯಿಂದ ಬಿದ್ದು ಹೋಯಿತು. ಲಿಯೋನೆಲ್ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವಷ್ಟು ದೊಡ್ಡವನು ಎದುರಿಗೆ ನಿಂತಿಲ್ಲ ಎಂಬಂತೆ ಪೆನ್ನು ಎತ್ತಿಕೊಂಡ.

“ಹೋಗು. ಡ್ರಮ್ಮು ಖಾಲಿ ತಿರುಗ್ತಾ ಉಂಟು. ಕಟ್ಟಿಗೆ ನಿನ್ನ ಅಪ್ಪಂದಲ್ಲ.”

ಕಟ್ಟಿಗೆ ಪುತ್ತುಬ್ಬ ಹಾಜಿಯದ್ದು. ಶುಕೂರನಿಗೆ ಆಗಲೇ ಆ ಯೋಚನೆ ಬಂದದ್ದು. ಫ್ಯಾಕ್ಟರಿಯ ಒಲೆಗೆ ವರ್ಷವಿಡೀ ಸೌದೆ ಹಾಕಿಸುವವರು ಹಾಜಿ, ಮಸೀದಿಯ ಅಧ್ಯಕ್ಷರೂ ಅವರೇ. ಅವರು ಒಂದು ಮಾತು ಹೇಳಿದರೆ ಮ್ಯಾನೇಜರ್ ಏನು, ಧಣಿಯೇ ಎದ್ದು ಕೇಳುತ್ತಾನೆ.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಹಾಜಿಯ ಸೌದೆ ಡಿಪೋದಲ್ಲಿ ಅವನು ನಿಂತ. ತಾಯಿಯ ನಾಲಗೆ ಎತ್ತಿಸಿದ್ದನ್ನು ತಮ್ಮ ಬ್ಯಾರಿ ಮಾತಿನಲ್ಲಿ ಹೇಳಿದ. ಹಾಜಿ ಕುರ್ಚಿಯಲ್ಲಿ ಅಲುಗಾಡದೆ ಕೇಳಿ, ಕೊನೆಗೆ ಗಡ್ಡ ನೇವರಿಸಿದರು.

“ನಮ್ಮ ಹೆಂಗಸರ ಬಾಯಿಯೊಳಗೆ ಅವ ಇಣುಕುದಾ? ಬೇವರ್ಸಿ. ನಾಳೆ ನಾನು ಬರ್ತೇನೆ.”

ಬಂದರು. ಬಿಳಿ ಅಂಬಾಸಿಡರ್ ಗೇಟಿನೊಳಗೇ ಬಂತು. ಮ್ಯಾನೇಜರನ ಕೋಣೆಯಲ್ಲಿ ಹಾಜಿ ಕುಳಿತರು, ಲಿಯೋನೆಲ್ ಕುಳಿತ, ಶುಕೂರ್ ಬಾಗಿಲ ಬಳಿ ನಿಂತ. ಹೆಂಗಸರು ಯಾರೂ ಇರಲಿಲ್ಲ. ಕರೆಯಬೇಕು ಅಂತ ಯಾರಿಗೂ ತೋಚಲಿಲ್ಲ.

“ನೀವು ಹೇಳಿದ ಮೇಲೆ ಎರಡು ಮಾತುಂಟಾ ಹಾಜಿಯವರೇ,” ಎಂದ ಲಿಯೋನೆಲ್. “ನೋಂಬಿನವರಿಗೆ ಬೇರೆ ಸಾಲು ಮಾಡುವ. ತೂಕ ಆದ ಕೂಡಲೇ ಹೋಗಲಿ, ಬಾಯಿ ನೋಡುದಿಲ್ಲ. ಆದರೆ ಒಂದು. ನೋಂಬು ಇಲ್ಲದವಳೂ ಆ ಸಾಲಿಗೆ ನುಗ್ಗಿದರೆ ನನ್ನ ಬೀಜ ಹೋಗ್ತದೆ. ದಿನಾ ಒಬ್ಬೊಬ್ಬಳೂ ವಿಠಲನ ಎದುರು ಹೇಳಿ ಹೋಗ್ಬೇಕು, ಇವತ್ತು ನನಗೆ ನೋಂಬು ಉಂಟು ಅಂತ. ಇಲ್ಲದವಳು ಹಳೇ ಸಾಲು.”

“ಹೇಳ್ತಾರೆ. ಹುಟ್ಟಿಸಿದವನನ್ನು ನೆನೆದು ಹೇಳ್ತಾರೆ,” ಎಂದರು ಹಾಜಿ. “ನೋಂಬು ಹಿಡಿಯದವಳು ಯಾರು ಅಂತ ನನಗೂ ಗೊತ್ತಾಗಲಿ. ಎಂತ ಶುಕೂರ್?”

ಶುಕೂರ್ ತಲೆಯಾಡಿಸಿದ. ಗೆದ್ದ ಮೇಲೆ ಯಾರು ಲೆಕ್ಕ ನೋಡುತ್ತಾರೆ. ಕೋಣೆಯಿಂದ ಹೊರಗೆ ಬರುವಾಗ ಅವನ ಕಾಲು ನೆಲದ ಮೇಲಿರಲಿಲ್ಲ.

ಸಿಪ್ಪೆ ತೆಗೆಯುವ ಶೆಡ್ಡಿಗೆ ಓಡಿಹೋಗಿ ಹೇಳಿದ. ನೆಲದ ಮೇಲೆ ಸಾಲಾಗಿ ಕುಳಿತ ಹೆಂಗಸರು ತಲೆ ಎತ್ತಿದರು. ಕುಶಿ ಪಡುತ್ತಾರೆ ಅಂತ ಅವನು ಕಾದ. ತಾಯಿಯ ಪಕ್ಕದಲ್ಲಿ ಕುಳಿತಿದ್ದ ತಂಗಿ ಸಫಿಯಾಳ ಕೈಯ ಚೂರಿ ಬೀಜದ ಮೇಲೆ ಹಾಗೆಯೇ ನಿಂತಿತು. ಬ್ಯಾರಿ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಕೆಲಸಕ್ಕೆ ಬಗ್ಗಿದರು. ಮಾತನಾಡಿದವಳು ಎರ್ಮಾಳಿನ ಅಕ್ಕು ಒಬ್ಬಳೇ. ಅವಳು ಬಿಲ್ಲವರವಳು, ಗಂಡ ಸತ್ತವಳು, ನಾಲಗೆಗೆ ಬೇಲಿ ಇಲ್ಲದವಳು.

“ಶುಕೂರಾ, ನಿನಗೆ ಯಾರು ಹೇಳಿದ್ದು ಇದು ಕೇಳ್ಲಿಕ್ಕೆ?”

“ನ್ಯಾಯ ಕೇಳ್ಲಿಕ್ಕೆ ಯಾರಾದರೂ ಹೇಳ್ಬೇಕಾ ಅಕ್ಕುವಕ್ಕ?”

“ಕೆಲವಕ್ಕೆ ಹೇಳ್ಬೇಕು ಮಗ,” ಎಂದಳು ಅಕ್ಕು. ಅಷ್ಟೇ ಹೇಳಿ ಸಿಪ್ಪೆ ಊದಿದಳು.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ತೂಕ ಆದ ಕೂಡಲೇ ಬ್ಯಾರಿ ಹೆಂಗಸರು ವಿಠಲನ ಮುಂದೆ ತಲೆ ತಗ್ಗಿಸಿ “ನೋಂಬು ಉಂಟು,” “ನೋಂಬು ಉಂಟು,” ಎಂದು ಹೇಳಿ ಗೇಟು ದಾಟಿದರು. ಶುಕೂರ್ ಡ್ರಮ್ಮು ತಣಿಸಿ ಮನೆ ಸೇರುವಾಗ ತಾಯಿ ನೋಂಬಿನ ಗಂಜಿಗೆ ತೆಂಗಿನಹಾಲು ಹಾಕಿರುತ್ತಿದ್ದಳು. ಆ ಗಂಜಿ ಬಿಸಿಬಿಸಿಯಾಗಿ ಗಂಟಲಲ್ಲಿ ಇಳಿಯುವಾಗ ಅವನಿಗೆ ತಾನು ಏನೋ ಒಂದು ಆಗಿದ್ದೇನೆ ಅನಿಸುತ್ತಿತ್ತು. ಶಿರ್ವದಿಂದ ಬರುವ ಝೀಟಾ ಬಾಯಮ್ಮ ಒಂದು ಸಂಜೆ ಹಳೆಯ ಸಾಲಿನಲ್ಲಿ ನಿಂತುಕೊಂಡೇ ಅವನನ್ನು ಕರೆದು, “ನಮ್ಮ ಇಗರ್ಜಿಯ ಫೆಸ್ತಿಗೂ ಒಂದು ಹಾಜಿಯನ್ನು ಹುಡುಕಿ ಕೊಡು ಮಾರಾಯ,” ಎಂದಳು. ಅವನು ನಕ್ಕ. ಅವಳು ನಗಲಿಲ್ಲ.

ಒಂದು ಸಂಜೆ ಸಫಿಯಾ ಹಳೆಯ ಸಾಲಿನಲ್ಲಿ ನಿಂತಳು.

ಶುಕೂರ್ ಕೊಟ್ಟಿಗೆಯಿಂದ ಕಂಡ. ಬ್ಯಾರಿ ಹೆಂಗಸರ ಸಾಲು ಹೊರಟುಹೋಗಿತ್ತು. ತಾಯಿ ಗೇಟಿನ ಆಚೆ ನಿಂತು ಒಳಗೆ ನೋಡುತ್ತಿದ್ದಳು. ಸಫಿಯಾ ಅಕ್ಕುವಿನ ಬೆನ್ನ ಹಿಂದೆ, ತಲೆಯ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡು, ತನ್ನ ಕಾಲಬೆರಳನ್ನೇ ನೋಡುತ್ತಿದ್ದಳು. ಅವಳ ಸರದಿ ಬಂದಾಗ ವಿಠಲ ಲೋಟ ಕೊಡಲಿಲ್ಲ. ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಅವಳನ್ನು ಮುಖದಿಂದ ಕೆಳಗೆ ನಿಧಾನಕ್ಕೆ ನೋಡಿದ.

“ಓಹೋ. ಸಫಿಯಾ ಇವತ್ತು ಈ ಕಡೆ.”

ಅವಳು ಲೋಟಕ್ಕೆ ಕೈ ಚಾಚಿದಳು.

“ನಿನ್ನೆವರೆಗೆ ಉಂಟು, ಇವತ್ತು ಇಲ್ಲ. ಅಂದರೆ ಅದೇ ಅಲ್ವಾ? ಎಷ್ಟು ದಿನಕ್ಕೆ ರಜೆ ಮಾರಾಯ್ತಿ, ನನಗೆ ಹೇಳಿದರೆ ನೆನಪು ಇಟ್ಟುಕೊಳ್ತೇನೆ.”

ಲಾರಿಯ ಮೇಲಿದ್ದವನೊಬ್ಬ, “ಇನ್ನು ಮೇಸ್ತ್ರಿಗಳಿಗೆ ಎಲ್ಲರದ್ದೂ ಬಾಯಿಪಾಠ,” ಎಂದ. ನಗು ಎದ್ದಿತು. ಸಫಿಯಾ ಲೋಟ ತೆಗೆದುಕೊಂಡು ಮುಕ್ಕಳಿಸಿದಳು. ನೀರು ಕುತ್ತಿಗೆಗೆ, ಎದೆಗೆ ಚೆಲ್ಲಿತು. ವಿಠಲ ಅದನ್ನೂ ನೋಡಿದ.

ಡ್ರಮ್ಮಿನ ಸದ್ದಿನಲ್ಲಿ ಶುಕೂರನಿಗೆ ಮಾತು ಕೇಳಿಸಲಿಲ್ಲ, ನಗು ಮಾತ್ರ ಕೇಳಿಸಿತು. ತಂಗಿ ತಪ್ಪು ಸಾಲಿನಲ್ಲಿ ನಿಂತದ್ದು ಕಣ್ಣಿಗೆ ಹೊಡೆಯಿತು. ಮನೆಗೆ ಬಂದವನು ಗಂಜಿಯ ತಟ್ಟೆಯನ್ನು ದೂಡಿದ.

“ಬೆಳಿಗ್ಗೆ ಅತ್ತಾಳಕ್ಕೆ ಎದ್ದು ನಮ್ಮೊಟ್ಟಿಗೆ ಉಂಡವಳು ನೀನು. ಹಗಲು ಯಾರ ಹತ್ತಿರ ಎಂತ ತಿಂದದ್ದು? ಊರಿಡೀ ನಗ್ತಾ ಉಂಟು. ಹಾಜಿಗಳ ಮುಖ ನಾನು ಹೇಗೆ ನೋಡುದು?”

ಸಫಿಯಾ ಎದ್ದು ಅಡುಗೆಕೋಣೆಯ ಕತ್ತಲಿಗೆ ಹೋದಳು.

“ಕೇಳಿದ್ದು ಕೇಳ್ತದಾ ನಿನಗೆ? ನೋಂಬು ಯಾಕೆ ಬಿಟ್ಟದ್ದು?”

“ಶುಕೂರ್,” ಎಂದಳು ತಾಯಿ. “ಬಾಯಿ ಮುಚ್ಚು.”

ಗಂಡ ಬೊಂಬಾಯಿಗೆ ಹೋಗಿ ತಿರುಗಿ ಬಾರದೆ ಇದ್ದಾಗಲೂ ರುಕಿಯಮ್ಮನ ಬಾಯಿಂದ ಅಂಥ ದನಿ ಬಂದದ್ದಿಲ್ಲ. ಶುಕೂರ್ ಬಾಯಿ ಮುಚ್ಚಿದ.

ಮರುದಿನ ಸಫಿಯಾ ಕೆಲಸಕ್ಕೆ ಹೊರಡಲಿಲ್ಲ. ತಾಯಿ ಮುಂದೆ ನಡೆದಳು, ಮಗನಿಗಾಗಿ ಕಾಯಲಿಲ್ಲ. ಹೆದ್ದಾರಿಯ ತಿರುವಿನಲ್ಲಿ ಶುಕೂರನಿಗೆ ಅಕ್ಕು ಸಿಕ್ಕಿದಳು. ಬುತ್ತಿಯನ್ನು ಕಂಕುಳಲ್ಲಿಟ್ಟು, ಎಲೆ ಜಗಿಯುತ್ತ ಬರುತ್ತಿದ್ದಳು. ಅವನ ಮುಖ ನೋಡಿ ರಸ ಉಗುಳಿದಳು.

“ತಂಗಿ ಎಲ್ಲಿ?”

“ಮನೆಯಲ್ಲಿ. ನೋಂಬು ಬಿಟ್ಟು ಮರ್ಯಾದೆ ಕಳೆದವಳು ಇನ್ನೆಲ್ಲಿ ಬರ್ತಾಳೆ.”

ಅಕ್ಕು ನಿಂತಳು. “ನೀನು ಎಷ್ಟನೇ ಕ್ಲಾಸು ಓದಿದ್ದಿ?”

“ಐದು. ಯಾಕೆ?”

“ಐದರಲ್ಲಿ ಕಲಿಸುದಿಲ್ಲ, ಅಲ್ವಾ. ನಿಮ್ಮ ಮದ್ರಸದಲ್ಲಿ?”

“ಎಂತ ಹೇಳುದು ನೀವು?”

“ಹೆಂಗಸಿಗೆ ತಿಂಗಳ ದಿನ ಬಂದರೆ ನಿಮ್ಮಲ್ಲಿ ನೋಂಬು ಹಿಡಿಯುವ ಹಾಗಿಲ್ಲ. ನನಗೆ ಗೊತ್ತುಂಟು, ನಿನಗೆ ಗೊತ್ತಿಲ್ಲ. ನಾನು ನಿನ್ನ ತಾಯಿಯ ಹತ್ತಿರ ಇಷ್ಟು ವರ್ಷ ಕೂತವಳು. ಆ ದಿನಗಳಲ್ಲಿ ಅವಳು ಬೀಜದ ಮೂಟೆಗಳ ಅಟ್ಟಿಯ ಹಿಂದೆ ಕೂತು ನನ್ನ ಬುತ್ತಿಯಿಂದ ಎರಡು ತುತ್ತು ತಿಂದದ್ದುಂಟು. ಬೆಳಿಗ್ಗೆ ನಿಮ್ಮೊಟ್ಟಿಗೆ ಏಳುದು, ಸಂಜೆ ನಿಮ್ಮೊಟ್ಟಿಗೆ ಬಾಂಗ್ ಕಾಯುದು. ಯಾಕೆ? ಮನೆಯ ಗಂಡಸಿಗೆ ತಿಳಿಯಬಾರದು ಅಂತ. ಗೇಟಿನಲ್ಲಿ ನೋಂಬಿನ ಮೇಲೆ ಸುಳ್ಳು ಹೇಳ್ಲಿಕ್ಕೆ ಸಫಿಯಾಳಿಗೆ ಬಾಯಿ ಬರಲಿಲ್ಲ.”

ಶುಕೂರ್ ಮದ್ರಸದಲ್ಲಿ ಅದನ್ನು ಓದಿದ್ದ. ಗಟ್ಟಿಯಾಗಿ, ಲಯಕ್ಕೆ ತೂಗುತ್ತ, ಬಾಯಿಪಾಠ ಮಾಡಿದ್ದ. ಪುಸ್ತಕದ ಹೆಂಗಸಿಗೂ ಮನೆಯಲ್ಲಿ ಗಂಜಿ ಬಡಿಸುವವರಿಗೂ ಸಂಬಂಧ ಇರಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

“ನಮ್ಮಲ್ಲಿ ಮೂರು ದಿನ ಹೊರಗೆ ಕೂರಿಸ್ತಾರೆ,” ಎಂದಳು ಅಕ್ಕು. “ದಾರಿಯಲ್ಲಿ ಹೋಗುವ ನಾಯಿಗೂ ಗೊತ್ತಾಗ್ತದೆ. ನಿಮ್ಮವರಿಗೆ ಆ ಕರ್ಮ ಇಲ್ಲ ಅಂತ ನಾನು ಹೊಟ್ಟೆಕಿಚ್ಚು ಪಟ್ಟದ್ದುಂಟು. ಈಗ ನಿನ್ನ ಉಪಕಾರದಿಂದ ಅವರೂ ನಮ್ಮ ಹಾಗೆಯೇ. ಅಲ್ಲ, ನಮಗಿಂತ ಕಡೆ. ನಾವು ದಿನಾ ಬಂದು ವಿಠಲನಿಗೆ ಹೇಳುದಿಲ್ಲ.”

ಮಾತು ಮುಗಿಸಿ ಅವಳು ನಡೆದಳು. ಲಾರಿಯೊಂದು ಕೆಸರು ಹಾರಿಸಿಕೊಂಡು ಹೋಯಿತು. ಶುಕೂರ್ ಒರೆಸಿಕೊಳ್ಳಲಿಲ್ಲ.

ಆ ದಿನ ಅವನು ಬೀಜ ಎರಡು ಸಲ ಕರಟಿಸಿದ. ಮಧ್ಯಾಹ್ನ ಮತ್ತೆ ಮ್ಯಾನೇಜರನ ಕೋಣೆಯಲ್ಲಿ ನಿಂತ.

“ಆ ಬೇರೆ ಸಾಲು ಬೇಡ ಸರ್.”

“ಎಂತ?”

“ನೋಂಬಿನ ಸಾಲು. ಬೇಡ. ಮೊದಲಿನ ಹಾಗೆ ಇರಲಿ. ಇಲ್ಲದಿದ್ದರೆ ಕೇಳದೆ ಬಿಡಿ ಸರ್. ಬ್ಯಾರಿ ಹೆಂಗಸರು ಎಲ್ಲರೂ ಒಟ್ಟಿಗೆ ಹೋಗಲಿ, ಯಾರಿಗೆ ಉಂಟು ಯಾರಿಗಿಲ್ಲ ಅಂತ ಕೇಳುದು ಬೇಡ.”

ಲಿಯೋನೆಲ್ ಕುರ್ಚಿಗೆ ಒರಗಿದ. “ಕೊಡು ಅಂದವ ನೀನೇ, ಬೇಡ ಅನ್ನುವವನೂ ನೀನೇ. ಹಾಜಿಯವರಿಗೆ ಮಾತು ಕೊಟ್ಟಾಗಿದೆ. ಧಣಿಗೆ ಹೇಳಿಯಾಗಿದೆ. ನಮ್ಮ ಫ್ಯಾಕ್ಟರಿಯಲ್ಲಿ ಎಲ್ಲ ಜಾತಿಗೂ ಮರ್ಯಾದೆ ಉಂಟು ಅಂತ ಧಣಿ ರೋಟರಿಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಈಗ ಬೇಡವಾ? ಯಾಕೆ ಬೇಡ?”

ಶುಕೂರ್ ಗೋಡೆಯ ಮೇಲಿನ ಬರಹ ನೋಡಿದ.

“ಕಾರಣ ಹೇಳು. ಕಾರಣ ಇಲ್ಲದೆ ನಾನು ಹೇಗೆ ಬದಲು ಮಾಡುದು?”

ಕಾರಣ ಗಂಟಲಿನವರೆಗೆ ಬಂತು. ಅದನ್ನು ಹೇಳಿದರೆ ತಾಯಿಯನ್ನೂ ತಂಗಿಯನ್ನೂ ತಾನೇ ತಂದು ಈ ಮೇಜಿನ ಮೇಲೆ ಇಟ್ಟ ಹಾಗೆ. ಲಿಯೋನೆಲ್‌ನ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು ಇತ್ತು. ಅವನಿಗೆ ಕಾರಣ ಗೊತ್ತಿತ್ತು. ವಿಠಲ ಬಂದು ಹೇಳಿ ನಕ್ಕು ಹೋಗಿದ್ದ.

“ಇಲ್ವಾ? ಹಾಗಾದರೆ ಹೋಗು. ಮತ್ತೆ, ನಿನ್ನ ತಂಗಿ ಇವತ್ತು ಬರಲಿಲ್ಲ. ಹೇಳದೆ ಕೂತರೆ ಜಾಗ ಖಾಲಿ ಇಡುದಿಲ್ಲ, ಎಲ್ಲೂರಿನಿಂದ ಬರ್ತೇನೆ ಅನ್ನುವವರು ಬೇಕಾದಷ್ಟು ಉಂಟು.”

ಮನೆಯಲ್ಲಿ ಅವನು ತಂಗಿಯ ಮುಂದೆ ಹೋಗಿ ನಿಂತ. ಹೇಳಬೇಕಾದ ಮಾತಿಗೆ ಬ್ಯಾರಿಯಲ್ಲೂ ಶಬ್ದ ಸಿಗಲಿಲ್ಲ. ಸಫಿಯಾ ಅವನ ಅಂಗಿಯ ಹರಿದ ತೋಳನ್ನು ಹೊಲಿಯುತ್ತಿದ್ದವಳು, ಹೊಲಿದು ಮುಗಿಸಿ, ದಾರ ಹಲ್ಲಿನಿಂದ ಕಡಿದು, ಅಂಗಿಯನ್ನು ಅವನ ಕೈಗೆ ಕೊಟ್ಟಳು.

“ನಾಳೆ ನಾನು ಹೋಗ್ತೇನೆ,” ಎಂದಳು. “ಉಮ್ಮ ಹೇಳಿದ್ದಾರೆ.”

“ಉಮ್ಮ ಎಂತ ಹೇಳಿದ್ದು?”

“ಬಾ ಅಂತ ಹೇಳಿದ್ದು. ಅಷ್ಟೇ.”

ಮರುದಿನ ಸಂಜೆ ತೂಕ ಮುಗಿಯಿತು. ವಿಠಲ ಎರಡು ಸಾಲಿನ ನಡುವೆ ನಿಂತು, “ನೋಂಬಿನವರು ಈಚೆ, ಉಣ್ಣುವವರು ಆಚೆ,” ಎಂದು ಕೂಗಿದ. ಅದೂ ಅವನಿಗೆ ಒಂದು ಆಟವಾಗಿತ್ತು.

ರುಕಿಯಮ್ಮ ಮಗಳ ಕೈ ಹಿಡಿದುಕೊಂಡು ಬಂದಳು. ಬಂದವಳು ಹಳೆಯ ಸಾಲಿಗೆ ಹೋಗಿ ನಿಂತಳು. ಅವಳ ಹಿಂದೆ ಸಫಿಯಾ. ಸಫಿಯಾಳ ಹಿಂದೆ ಎರ್ಮಾಳಿನ ನಫೀಸಮ್ಮ, ಅವಳ ಸೊಸೆ, ಹೀಗೆ ಒಬ್ಬೊಬ್ಬರಾಗಿ ಬ್ಯಾರಿ ಹೆಂಗಸರೆಲ್ಲ ಅಲ್ಲಿಗೇ ಬಂದರು. ನೋಂಬಿನ ಸಾಲಿನ ಜಾಗದಲ್ಲಿ ಒಂದು ಕಾಗೆ ನಡೆದಾಡುತ್ತಿತ್ತು.

“ನಿಮ್ಮದು ಅಲ್ಲಿ,” ಎಂದ ವಿಠಲ.

“ನಮ್ಮದು ಇಲ್ಲಿ,” ಎಂದಳು ರುಕಿಯಮ್ಮ.

“ನೋಂಬು ಇಲ್ವಾ ಯಾರಿಗೂ?”

ಅಕ್ಕು ಮತ್ತು ಝೀಟಾ ಬಾಯಮ್ಮ ಸಾಲಿನ ಮುಂದಿದ್ದವರು, ಹಿಂದೆ ಸರಿದು ಅವರಿಗೆ ಮೊದಲ ಜಾಗ ಬಿಟ್ಟರು. ಅದನ್ನು ಯಾರೂ ಕೇಳಿರಲಿಲ್ಲ.

ವಿಠಲನಿಗೆ ಅವಮಾನ ಆಯಿತು. ಅವಮಾನ ಆದವನು ಕೆಲಸ ನಿಧಾನ ಮಾಡುತ್ತಾನೆ. 

“ಬಾಯಿ ತೋರಿಸ್ಲಿಕ್ಕೆ ಇಷ್ಟು ಆಸೆಯಾ ನಿಮಗೆ? ನಿಲ್ಲಿ ಹಾಗಾದರೆ,” ಎಂದು ಬೇಸನ್ನು ತೊಳೆಸಿ, ಒರೆಸಿ ಇಡಿಸಿದ. ಕೊಡಕ್ಕೆ ಹೊಸ ನೀರು ತರಿಸಿದ. ಬೀಡಿ ಹಚ್ಚಿದ. ಆಕಾಶ ಪಡುವಣದಲ್ಲಿ ಕೆಂಪಾಗಿ, ಕಪ್ಪಾಗತೊಡಗಿತು. ಹೆಂಗಸರು ನಿಂತರು. ಡ್ರಮ್ಮಿನಿಂದ ಕೊನೆಯ ಬೀಜ ಇಳಿಸಿದ ಶುಕೂರ್ ಕೊಟ್ಟಿಗೆಯಿಂದ ಹೊರಗೆ ಬಂದು ಗೋಡೆಗೆ ಒರಗಿದ. ಬೆಂಕಿಯ ಮುಂದೆ ದಿನವಿಡೀ ನಿಂತು ಅವನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಬೀಡಿ ಮುಗಿದ ಮೇಲೆ ವಿಠಲ ಲೋಟ ಅದ್ದಿ ಕೊಟ್ಟ. ರುಕಿಯಮ್ಮ ಎತ್ತಿ ಹೊಯ್ದುಕೊಂಡಳು. ಕೆನ್ನೆ ಉಬ್ಬಿತು. ಆಗ ಬಾಂಗ್ ಕೇಳಿತು.

“ಉಗುಳು.”

ಅವಳು ಉಗುಳಲಿಲ್ಲ. ಬಾಯಿ ತುಂಬ ನೀರಿಟ್ಟುಕೊಂಡು, ಕಣ್ಣು ಮುಚ್ಚಿ, ಬಾಂಗ್ ಮುಗಿಯುವ ತನಕ ನಿಂತಳು. ಒಳಗೆ ಏನೋ ಹೇಳಿಕೊಂಡಳು. ಆಮೇಲೆ ನುಂಗಿದಳು. ಕುತ್ತಿಗೆಯಲ್ಲಿ ನೀರು ಇಳಿದು ಹೋದದ್ದು ಎಲ್ಲರಿಗೂ ಕಂಡಿತು.

“ಉಗುಳು ಹೇಳಿದ್ದಲ್ವಾ ನಾನು?”

“ನೋಂಬು ಬಿಟ್ಟೆ,” ಎಂದಳು ರುಕಿಯಮ್ಮ.

“ಅದು ಉಗುಳ್ಲಿಕ್ಕೆ ಕೊಟ್ಟ ನೀರು ರಂಡೆ.”

“ನೀರು ನೀರೇ.”

ಅವಳು ಲೋಟವನ್ನು ವಿಠಲನಿಗೆ ಕೊಡದೆ ತಾನೇ ಕೊಡಕ್ಕೆ ಅದ್ದಿ ಮಗಳಿಗೆ ಕೊಟ್ಟಳು. ವಿಠಲ ಬೆರಳು ತೋರಿಸಿದ. “ಇವಳಿಗೆ ನೋಂಬು ಇಲ್ಲ. ನನಗೆ ಗೊತ್ತುಂಟು. ಇವಳು ಉಗುಳ್ಬೇಕು.” ಸಫಿಯಾ ತಲೆಯ ಬಟ್ಟೆಯನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. ಅವನ ಮುಖವನ್ನು ನೇರ ನೋಡಿಕೊಂಡು ನೀರು ಹೊಯ್ದುಕೊಂಡಳು. ನುಂಗಿದಳು. ನಫೀಸಮ್ಮ ನುಂಗಿದಳು. ಅವಳ ಸೊಸೆ ನುಂಗಿದಳು. ಯಾರು ಬಾಯಾರಿ ಕುಡಿದರು, ಯಾರು ಸುಮ್ಮನೆ ಕುಡಿದರು ಎಂದು ಹೊರಗಿನಿಂದ ಹೇಳುವ ಹಾಗಿರಲಿಲ್ಲ. ಬೇಸನ್ನಿನ ತಳ ಒಣಗಿಯೇ ಇತ್ತು.

ಬ್ಯಾರಿ ಹೆಂಗಸರು ಮುಗಿದು ಝೀಟಾ ಬಾಯಮ್ಮನ ಸರದಿ ಬಂತು. ವಿಠಲನ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಂಡಿತು. ಅವಳು ಲೋಟ ಎತ್ತಿದಳು, ಮುಕ್ಕಳಿಸಿದಳು, ನುಂಗಿದಳು.

“ನಿನಗೆಂತ ಆದದ್ದು?”

“ಬಾಯಾರಿತು ಮಾರಾಯ. ಬೆಳಿಗ್ಗೆಯಿಂದ ಹೊಟ್ಟು ತಿಂದದ್ದು.”

ಅಕ್ಕು ತಲೆ ಹಿಂದಕ್ಕೆ ಚೆಲ್ಲಿ, ಗಂಟಲಲ್ಲಿ ನೀರನ್ನು ಗಳಗಳ ಆಡಿಸಿ, ನುಂಗಿ, ತುಟಿ ಒರೆಸಿಕೊಂಡಳು. “ಧಣಿಯ ಬಾವಿ ನೀರು ಒಳ್ಳೇದುಂಟು ವಿಠಲ. ಇಷ್ಟು ವರ್ಷ ಸುಮ್ಮನೆ ಉಗುಳಿದೆವು.”

ಲಾರಿಯ ಮೇಲಿನವರು ನಗಲಿಲ್ಲ. ವಿಠಲ ಬೈಯತೊಡಗಿದ. ಬೇವರ್ಸಿಗಳೇ, ಹಾದರಗಿತ್ತಿಯರೇ, ಕಲಿತ ಬೈಗುಳವೆಲ್ಲ ಒಂದೊಂದಾಗಿ ಬಂದವು. ಬೈಗುಳ ಖರ್ಚಾಗುತ್ತ ಬಂದ ಹಾಗೆ ಅವನ ದನಿಯೂ ಸಣ್ಣದಾಯಿತು. ಸದ್ದಿಗೆ ಲಿಯೋನೆಲ್ ಹೊರಗೆ ಬಂದ. ಒಣಗಿದ ಬೇಸನ್ನು ನೋಡಿದ. ಸಾಲು ನೋಡಿದ. ಕೂಗಾಡಲಿಲ್ಲ.

“ಶುಕೂರ್, ಬಾ ಇಲ್ಲಿ.”

ಶುಕೂರ್ ಗೋಡೆ ಬಿಟ್ಟು ಬಂದ.

“ನೀನೇ ಅಲ್ವಾ ಇವರ ವಕೀಲ. ಒಂದು ಮಾತು ಹೇಳಿ ಮುಗಿಸುವ. ಇವರು ನುಂಗಿದ್ದು ನೀರಾ, ನನ್ನ ಬೀಜವಾ?”

ಲಾರಿಯ ಮೇಲಿದ್ದವರು ಕೆಳಗಿಳಿದು ಹತ್ತಿರ ಬಂದರು.

“ನೀನು ಹೇಳಿದರೆ ನಂಬ್ತೇನೆ. ಇವರು ಬೀಜ ತಿನ್ನಲಿಲ್ಲ, ಇವರ ಬಾಯಿಗೆ ನಾನು ಜವಾಬ್ದಾರಿ ಅಂತ ನಿನ್ನ ದೇವರ ಮೇಲೆ ಆಣೆ ಹಾಕು. ಎಲ್ಲರಿಗೂ ಕೂಲಿ ಉಂಟು, ನಾಳೆ ಕೆಲಸ ಉಂಟು. ಆ ಬೇರೆ ಸಾಲನ್ನೂ ತೆಗೆಯುವ, ನೀನು ಕೇಳಿದ್ದೇ ಅಲ್ವಾ. ಹೇಳದಿದ್ದರೆ ನಾಳೆ ಇವರು ಯಾರಿಗೂ ಗೇಟು ಇಲ್ಲ.”

ಶುಕೂರ್ ತಾಯಿಯ ಕಡೆ ನೋಡಿದ. ರುಕಿಯಮ್ಮ ಅವನನ್ನು ನೋಡುತ್ತಿರಲಿಲ್ಲ. ಅವಳು ಸೊಂಟದ ಗಂಟು ಬಿಚ್ಚಿ ಖರ್ಜೂರವನ್ನು ಎರಡು ತುಂಡು ಮಾಡಿ ಒಂದನ್ನು ಮಗಳಿಗೆ ಕೊಡುತ್ತಿದ್ದಳು. ಸಫಿಯಾ ಮಾತ್ರ ಅಣ್ಣನ ಬಾಯಿಯನ್ನು ನೋಡಿದಳು. ಅವಳ ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ, ಭಯ ಇತ್ತು. ಇವನು ಈಗ ಮತ್ತೆ ಏನು ಹೇಳಿಬಿಡುತ್ತಾನೋ ಎಂಬ ಭಯ.

“ಒಂದು ಮಾತು,” ಎಂದ ಲಿಯೋನೆಲ್. “ಎಂತ, ಈಗ ಭಾಷಣ ಇಲ್ವಾ?”

ಈ ಸಲವೂ ಅವರ ಪರವಾಗಿ ಮಾತಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಶುಕೂರ್ ಕೈಯಲ್ಲಿದ್ದ ಸಲಾಕೆಯನ್ನು ನೆಲಕ್ಕಿಟ್ಟ. ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡ. ಮಸಿ ಹೋಗಲಿಲ್ಲ. ಮ್ಯಾನೇಜರನ ಪಕ್ಕದಿಂದ, ವಿಠಲನ ಪಕ್ಕದಿಂದ, ಸ್ಟೂಲಿನ ಪಕ್ಕದಿಂದ ನಡೆದ. ಕಾವಲಿನವನು ಅವನ ಜೇಬು ತಡವಲು ಕೈ ಎತ್ತಿದವನು ಕೈಯನ್ನು ಹಾಗೆಯೇ ಇಳಿಸಿದ.

“ನಿನ್ನ ಹತ್ತಿರ ಕೇಳಿದ್ದು ನಾನು,” ಎಂದಿತು ಹಿಂದಿನಿಂದ ದನಿ. “ಶುಕೂರ್. ನಾಳೆ ನಿನಗೂ ಇಲ್ಲ, ಗೊತ್ತುಂಟಲ್ವಾ?”

ಅವನು ಹೆದ್ದಾರಿಗೆ ಇಳಿದ. ಬಾಂಗ್ ಆಗಿ ಹೊತ್ತು ಕಳೆದಿತ್ತು, ನೋಂಬು ಹಿಡಿದಿದ್ದ ಅವನ ಬಾಯಿಗೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಹಿಂದೆ ಅಂಗಳದಲ್ಲಿ ಕೊಡದೊಳಗೆ ಲೋಟ ಅದ್ದುವ ಸದ್ದು, ಮತ್ತೆ ಅದ್ದುವ ಸದ್ದು, ಕೇಳುತ್ತಲೇ ಇತ್ತು. ಸಾಲು ಮುಗಿದಿರಲಿಲ್ಲ.